ಬೀಟಾ ಕೋಶಗಳಿಗೆ ದೊರೆ ಬೇಡ: ಒಬ್ಬ ಹೊಸ ಬರಹಗಾರರಿಗೆ ಸಂಪಾದಕರ ಉತ್ತರ

ಪ್ರಿಯ ಲೇಖಕರೇ,

ನಮಸ್ಕಾರ. ನೀವು ಕಳಿಸಿದ ‘ಇನ್ಸುಲಿನ್: ದೇಹದ ಸಂಜೀವಿನಿ’ ಲೇಖನ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ರೂಪದಲ್ಲಿ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ‘ಸ್ಥಳಾಭಾವದಿಂದ’ ಎಂದು ಎರಡು ಸಾಲು ಬರೆದು ವಾಪಸ್ ಕಳಿಸಲು ಮನಸ್ಸು ಒಪ್ಪಲಿಲ್ಲ. ಇದರೊಳಗೆ ಒಂದು ತುಂಬಾ ಒಳ್ಳೆಯ ಬರಹ ಇದೆ. ಅದು ನಾಲ್ಕನೇ ಪುಟದಲ್ಲಿ ಒಂದೇ ಪ್ಯಾರಾದಲ್ಲಿ ಮುಗಿದುಹೋಗಿದೆ. ಅದನ್ನು ಹೊರಗೆ ತೆಗೆಯಿರಿ ಎಂದು ಹೇಳುವುದಕ್ಕೇ ಈ ಉತ್ತರ. ಹೊಸದಾಗಿ ವಿಜ್ಞಾನ ಬರೆಯುವ ಬೇರೆಯವರಿಗೂ ಉಪಯೋಗ ಆಗಲಿ ಎಂದು ನಿಮ್ಮ ಹೆಸರು ಬಿಟ್ಟು ಇಲ್ಲೇ ಅಚ್ಚು ಹಾಕುತ್ತಿದ್ದೇನೆ.

ಓದುಗರಿಗಾಗಿ ನಿಮ್ಮ ಲೇಖನದ ಹೂರಣವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೊದಲ ಪುಟದಲ್ಲಿ ಬೆಂಗಳೂರಿನ ಟ್ರಾಫಿಕ್, ಕೂತು ಮಾಡುವ ಕೆಲಸ, ಬೇಕರಿ ತಿಂಡಿ, ಹೆಚ್ಚುತ್ತಿರುವ ಸಕ್ಕರೆ ಕಾಯಿಲೆ. ಎರಡನೇ ಪುಟದಲ್ಲಿ 1869ರ ಲ್ಯಾಂಗರ್‌ಹ್ಯಾನ್ಸ್, 1921ರಲ್ಲಿ ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಬೆಸ್ಟ್. ಮೂರನೆಯದರಲ್ಲಿ ಇನ್ಸುಲಿನ್ ಕೋಶದಿಂದ ಹೊರಬರುವ ಬಗೆ. ನಾಲ್ಕನೆಯದರಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳು ಒಟ್ಟಾಗಿ ಕೆಲಸ ಮಾಡುತ್ತವೆ, ಅವುಗಳಿಗೆ ಒಂದು ‘ನಾಯಕ ಕೋಶ’ ಇದೆ ಎಂಬ ಮಾತು. ಐದನೆಯದರಲ್ಲಿ ನಡಿಗೆ, ಮೆಂತ್ಯ, ಹಾಗಲಕಾಯಿ.

ಮೊದಲ ಪುಟವನ್ನು ಪೂರ್ತಿ ತೆಗೆದುಬಿಡಿ. ಬೆಂಗಳೂರಿನ ಯಾವ ಮನೆಯಲ್ಲಿ ಶುಗರ್ ಮಾತು ಇಲ್ಲ ಹೇಳಿ? ಬೆಳಗ್ಗೆ ಲಾಲ್‌ಬಾಗಿನಲ್ಲಿ ನಡೆಯುವವರ ಪಕ್ಕ ಹತ್ತು ನಿಮಿಷ ನಡೆದರೆ ಸಾಕು, ಫಾಸ್ಟಿಂಗ್ ಎಷ್ಟು, ಊಟ ಆದಮೇಲೆ ಎಷ್ಟು ಎನ್ನುವುದೆಲ್ಲ ಕಿವಿಗೆ ಬೀಳುತ್ತದೆ. ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಈ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳಿದೆ. ಅದಕ್ಕೆ ಒಂದು ಸಾಲು ಸಾಕು. ನಮ್ಮ ಓದುಗರಿಗೆ ಕಾಯಿಲೆಯ ಪರಿಚಯ ಬೇಕಾಗಿಲ್ಲ. ಅವರಿಗೆ ಗೊತ್ತಿಲ್ಲದ್ದು ಮೇದೋಜೀರಕ ಗ್ರಂಥಿಯ ಒಳಗೆ ಏನಾಗುತ್ತಿದೆ ಎನ್ನುವುದು. ನಿಮಗೆ ಅದು ಗೊತ್ತಿದೆ. ಹಾಗಿದ್ದಮೇಲೆ ಅಲ್ಲಿಗೇ ಕರೆದುಕೊಂಡು ಹೋಗಿ.

ಎರಡನೇ ಪುಟದಲ್ಲಿ ಒಂದೇ ಒಂದು ವಿಷಯ ಉಳಿಸಿಕೊಳ್ಳಿ. ಬ್ಯಾಂಟಿಂಗ್ ಮತ್ತು ಬೆಸ್ಟ್ ಕಥೆ ಕನ್ನಡದಲ್ಲಿ ಬೇಕಾದಷ್ಟು ಸಲ ಬಂದಿದೆ. ಆದರೆ ಲ್ಯಾಂಗರ್‌ಹ್ಯಾನ್ಸ್ ಕಂಡದ್ದನ್ನು ನೀವು ಸುಮ್ನೆ ದಾಟಿಬಿಟ್ಟಿದ್ದೀರಿ. ಬರ್ಲಿನ್‌ನಲ್ಲಿ ಓದುತ್ತಿದ್ದ 21ರ ಹುಡುಗ ಮೈಕ್ರೋಸ್ಕೋಪಿನಲ್ಲಿ ನೋಡಿದ್ದು ಗುಂಪುಗುಂಪಾಗಿ ಕೂತ ಕೋಶಗಳನ್ನು. ಅವು ಯಾತಕ್ಕೆ ಇವೆ ಎಂದು ಅವನಿಗೆ ತಿಳಿಯಲಿಲ್ಲ. ಗುಂಪಾಗಿ ಇದ್ದವು, ಅಷ್ಟು ಮಾತ್ರ ಕಂಡಿತು. ಮನುಷ್ಯರ ಮೇದೋಜೀರಕದಲ್ಲಿ ಇಂಥ ಗುಂಪುಗಳು ಹತ್ತು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇವೆ. ಒಂದೊಂದೂ ಮಿಲಿಮೀಟರಿನ ಹತ್ತನೇ ಒಂದು ಭಾಗ, ಎರಡು ಭಾಗದಷ್ಟು ದಪ್ಪ. ಎಲ್ಲ ಸೇರಿದರೂ ಗ್ರಂಥಿಯ ನೂರರಲ್ಲಿ ಒಂದೆರಡು ಪಾಲು ಮಾತ್ರ. ಇನ್ಸುಲಿನ್ ಮಾಡುವ ಕೋಶಗಳನ್ನು ಗ್ರಂಥಿಯ ತುಂಬ ಒಂದೊಂದಾಗಿ ಹರಡಬಹುದಿತ್ತು, ಅಲ್ವಾ? ಗುಂಪು ಮಾಡಿ ಯಾಕೆ ಇಟ್ಟಿದೆ? ಈ ಪ್ರಶ್ನೆಯಿಂದ ಲೇಖನ ಶುರುವಾಗಲಿ. ನಿಮ್ಮ ನಾಲ್ಕನೇ ಪುಟ ಇದಕ್ಕೇ ಉತ್ತರ ಕೊಡುತ್ತಿದೆ, ಆದರೆ ಪ್ರಶ್ನೆಯನ್ನು ನೀವು ಎಲ್ಲೂ ಕೇಳಿಯೇ ಇಲ್ಲ.

ಈಗ ಮೂರನೇ ಪುಟ. ಇಲ್ಲಿ ಮಾಹಿತಿ ಸರಿಯಾಗಿದೆ. ವಾಕ್ಯ ಓದಿಸಿಕೊಳ್ಳುವುದಿಲ್ಲ. ನಿಮ್ಮದೇ ಸಾಲು ನೋಡಿ: “ಗ್ಲೂಕೋಸ್ ಚಯಾಪಚಯದಿಂದ ಉಂಟಾಗುವ ಎಟಿಪಿ-ಎಡಿಪಿ ಅನುಪಾತದ ಹೆಚ್ಚಳವು ಪೊಟ್ಯಾಸಿಯಂ ವಾಹಿನಿಗಳ ಮುಚ್ಚುವಿಕೆಗೆ ಕಾರಣೀಭೂತವಾಗಿ ತತ್ಪರಿಣಾಮವಾಗಿ ಕೋಶಪೊರೆಯ ವಿಧ್ರುವೀಕರಣವು ಸಂಭವಿಸುತ್ತದೆ.” ಇದನ್ನು ಬರೆಯುವಾಗ ನಿಮ್ಮ ಎದುರು ಪಠ್ಯಪುಸ್ತಕ ಇತ್ತು, ಓದುಗರು ಇರಲಿಲ್ಲ. ನಾನಾದರೆ ಹೀಗೆ ಬರೆಯುತ್ತಿದ್ದೆ:

“ಊಟ ಆದಮೇಲೆ ರಕ್ತದಲ್ಲಿ ಗ್ಲೂಕೋಸ್ ಏರುತ್ತದೆ. ಅದು ಬೀಟಾ ಕೋಶದ ಒಳಗೂ ಹೋಗುತ್ತದೆ. ಕೋಶ ಅದನ್ನು ಬಳಸಿ ಎಟಿಪಿ ಎಂಬ ಶಕ್ತಿಯ ಅಣುಗಳನ್ನು ಮಾಡಿಕೊಳ್ಳುತ್ತದೆ. ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಗೆ ಹೋಗುವ ಚಾನೆಲ್‌ಗಳಿವೆ. ಎಟಿಪಿ ಜಾಸ್ತಿಯಾದರೆ ಅವು ಮುಚ್ಚಿಕೊಳ್ಳುತ್ತವೆ. ಪೊಟ್ಯಾಸಿಯಂ ಒಳಗೇ ನಿಲ್ಲುತ್ತದೆ, ಪೊರೆಯ ವೋಲ್ಟೇಜ್ ಏರುತ್ತದೆ. ಏರಿದ ವೋಲ್ಟೇಜಿಗೆ ಇನ್ನೊಂದು ಬಗೆಯ ಚಾನೆಲ್ ತೆರೆದುಕೊಂಡು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಕೋಶದೊಳಗೆ ಇನ್ಸುಲಿನ್ ತುಂಬಿದ ಪುಟ್ಟ ಪುಟ್ಟ ಚೀಲಗಳು ಸುಮಾರು ಹತ್ತು ಸಾವಿರ ಇರುತ್ತವೆ. ಕ್ಯಾಲ್ಸಿಯಂ ಬಂದೊಡನೆ ಪೊರೆಯ ಹತ್ತಿರ ಇದ್ದ ಕೆಲವು ಚೀಲಗಳು ಪೊರೆಗೆ ಅಂಟಿ, ಒಡೆದು, ಇನ್ಸುಲಿನ್ ಹೊರಗೆ ಬರುತ್ತದೆ.”

ಇದು ಉದ್ದವಾಯಿತು, ನಿಜ. ಆದರೆ ಪ್ರತಿ ಸಾಲಿನಲ್ಲೂ ಒಂದೇ ಸಂಗತಿ ನಡೆಯುತ್ತದೆ. ಓದುವವರು ಎಲ್ಲೂ ಹಿಂದಕ್ಕೆ ಹೋಗಿ ಮತ್ತೆ ಓದಬೇಕಾಗಿಲ್ಲ.

ಇದೇ ಜಾಗದಲ್ಲಿ ನೀವು ಒಂದು ಅವಕಾಶ ಕಳೆದುಕೊಂಡಿದ್ದೀರಿ. ಆ ಪೊಟ್ಯಾಸಿಯಂ ಚಾನೆಲ್ ನಮ್ಮ ಎಷ್ಟೋ ಓದುಗರ ಮಾತ್ರೆ ಡಬ್ಬಿಗೆ ಸಂಬಂಧಪಟ್ಟದ್ದು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಗಳು ಅಂಟಿಕೊಳ್ಳುವುದು ಅದಕ್ಕೇ. ರಕ್ತದಲ್ಲಿ ಸಕ್ಕರೆ ಏರಿರಲಿ, ಇಳಿದಿರಲಿ, ಮಾತ್ರೆ ಆ ಚಾನೆಲ್ ಮುಚ್ಚುತ್ತದೆ, ಇನ್ಸುಲಿನ್ ಬರುತ್ತದೆ. ಮಾತ್ರೆ ತಗೊಂಡು ಊಟ ಬಿಟ್ಟವರಿಗೆ ಕೈ ನಡುಕ ಬಂದು ಬೆವರು ಕಿತ್ತುಕೊಳ್ಳುವುದು ಇದರಿಂದ. ‘ಮಾತ್ರೆ ತಗೊಂಡಮೇಲೆ ಊಟ ಮಾಡಲೇಬೇಕು’ ಎಂದು ಡಾಕ್ಟರು ಹೇಳಿದ್ದರ ಹಿಂದಿನ ಕಾರಣ ಗಾಂಧಿ ಬಜಾರಿನ ಮೆಡಿಕಲ್ ಶಾಪ್ ಮುಂದೆ ನಿಂತ ಒಬ್ಬ ಓದುಗರಿಗೆ ಅರ್ಥವಾದರೆ, ನಿಮ್ಮ ಲೇಖನ ಅವರ ಮನೆಗೆ ಹೋಯಿತು ಎಂದೇ ಲೆಕ್ಕ.

ಇನ್ನು ನಾಲ್ಕನೇ ಪುಟಕ್ಕೆ ಬರೋಣ. ನನಗೆ ಇಷ್ಟವಾದದ್ದೂ ಇಲ್ಲೇ, ಬೇಸರ ಬಂದದ್ದೂ ಇಲ್ಲೇ.

ನೀವು “ಬೀಟಾ ಕೋಶಗಳು ಪರಸ್ಪರ ಸಹಕಾರದಿಂದ ಕಾರ್ಯನಿರ್ವಹಿಸುತ್ತವೆ” ಎಂದು ಬರೆದು ಮುಂದೆ ಹೋಗಿದ್ದೀರಿ. ಓದುಗರು ನಿಮ್ಮ ಮಾತನ್ನು ಯಾಕೆ ನಂಬಬೇಕು? ಹೇಗೆ ಗೊತ್ತಾಯಿತು ಎಂದು ಹೇಳಿ. ಇದನ್ನು ತೋರಿಸುವ ಪ್ರಯೋಗ ತುಂಬಾ ಸರಳವಾದದ್ದು. ಗುಂಪನ್ನು ಬಿಡಿಸಿ ಬೀಟಾ ಕೋಶಗಳನ್ನು ಬೇರೆಬೇರೆ ಮಾಡಿ ತಟ್ಟೆಯಲ್ಲಿ ಇಡುತ್ತಾರೆ. ಗ್ಲೂಕೋಸ್ ಕೊಡುತ್ತಾರೆ. ಆಗ ಒಂದೊಂದು ಕೋಶ ಒಂದೊಂದು ಥರ ನಡೆದುಕೊಳ್ಳುತ್ತದೆ. ಒಂದು ಸ್ವಲ್ಪ ಗ್ಲೂಕೋಸಿಗೇ ಎಚ್ಚರವಾಗುತ್ತದೆ. ಇನ್ನೊಂದಕ್ಕೆ ಜಾಸ್ತಿ ಬೇಕು. ಕೆಲವು ಏನು ಕೊಟ್ಟರೂ ಸುಮ್ಮನೆ ಇರುತ್ತವೆ. ಒಟ್ಟು ಇನ್ಸುಲಿನ್ ಕಮ್ಮಿ. ಗ್ಲೂಕೋಸ್ ಕಮ್ಮಿ ಇದ್ದಾಗ, ಇನ್ಸುಲಿನ್ ಬೇಡದ ಹೊತ್ತಲ್ಲಿ, ಸೋರಿಕೆ ಜಾಸ್ತಿ. ಅದೇ ಕೋಶಗಳು ಮತ್ತೆ ಅಂಟಿಕೊಂಡು ಗುಂಪಾದರೆ ಕೆಲಸ ಸುಧಾರಿಸುತ್ತದೆ. ಕೋಶಗಳು ಅವೇ, ಗ್ಲೂಕೋಸ್ ಅದೇ. ಬದಲಾದದ್ದು ಒಂದಕ್ಕೊಂದು ತಾಗಿಕೊಂಡಿವೆ ಎನ್ನುವುದು ಮಾತ್ರ. ನಿಮ್ಮ ಲೇಖನದ ಜೀವ ಇಲ್ಲಿದೆ.

ತಾಗಿಕೊಂಡ ಜಾಗದಲ್ಲಿ ಏನಿದೆ? ಗ್ಯಾಪ್ ಜಂಕ್ಷನ್ ಎಂದು ಹೆಸರು ಹೇಳಿ ಬಿಟ್ಟಿದ್ದೀರಿ. ಸ್ವಲ್ಪ ಹತ್ತಿರ ಹೋಗಿ. ಕನೆಕ್ಸಿನ್-36 ಎಂಬ ಪ್ರೋಟೀನು ಆರಾರು ಸೇರಿ ಒಂದು ಉಂಗುರ ಆಗುತ್ತದೆ. ಈ ಕೋಶದ ಉಂಗುರ, ಪಕ್ಕದ ಕೋಶದ ಉಂಗುರ ಎದುರುಬದುರಾಗಿ ಕೂಡಿಕೊಂಡರೆ ನಡುವೆ ಒಂದು ಸಣ್ಣ ದಾರಿ. ಅದರಲ್ಲಿ ಅಯಾನುಗಳು ಓಡಾಡುತ್ತವೆ. ಅಂದರೆ ಒಂದು ಕೋಶದ ವೋಲ್ಟೇಜ್ ಏರಿದರೆ ಪಕ್ಕದ್ದಕ್ಕೂ ಆ ಕರೆಂಟು ತಟ್ಟುತ್ತದೆ.

ನಿಮ್ಮ ಇದೇ ಪ್ಯಾರಾದಲ್ಲಿ ಬೀಟಾ ಕೋಶಗಳು ಮೊದಲು ಸೈನಿಕರಾಗಿವೆ, ಆಮೇಲೆ ವಾದ್ಯಗೋಷ್ಠಿಯವರಾಗಿವೆ, ಕೊನೆಗೆ ಜೇನುಹುಳ ಆಗಿವೆ. ಮೂರನ್ನೂ ಬಿಡಿ. ಒಂದು ಹೋಲಿಕೆ ಬೇಕೇಬೇಕು ಅನ್ನಿಸಿದರೆ ಚಾಮರಾಜಪೇಟೆಯ ಹಳೇ ವಠಾರ ಇಟ್ಟುಕೊಳ್ಳಿ. ಮನೆಗೂ ಮನೆಗೂ ಒಂದೇ ಗೋಡೆ, ಈ ಮನೆಯ ಸದ್ದು ಆ ಮನೆಗೆ ಕೇಳುತ್ತದೆ. ಬೆಳಗ್ಗೆ ಒಂದು ಮನೆಯವರು ಎದ್ದರೆ ಪಕ್ಕದವರಿಗೂ ಎಚ್ಚರ. ರಾತ್ರಿ ಎಲ್ಲರೂ ಮಲಗಿದ್ದಾಗ ಒಬ್ಬರು ಗಲಾಟೆ ಮಾಡಿದರೆ ಅಕ್ಕಪಕ್ಕದವರೇ ಸುಮ್ಮನಾಗಿಸುತ್ತಾರೆ.

ಆ ಕೊನೆಯ ಮಾತಿಗಾಗಿಯೇ ನಾನು ವಠಾರ ಎಂದದ್ದು. ನಿಮ್ಮ ಲೇಖನದಲ್ಲಿ ಗ್ಯಾಪ್ ಜಂಕ್ಷನ್ ಬರೀ ಎಬ್ಬಿಸುವ ಕೆಲಸ ಮಾಡುತ್ತದೆ. ಸುಮ್ಮನಿರಿಸುವ ಕೆಲಸ ಪೂರ್ತಿ ಬಿಟ್ಟುಹೋಗಿದೆ. ಗ್ಲೂಕೋಸ್ ಕಮ್ಮಿ ಇದ್ದಾಗ ಒಂದು ಚುರುಕು ಕೋಶ ಮುಂಚೆಯೇ ಎದ್ದಿತು ಅನ್ನಿ. ಅಕ್ಕಪಕ್ಕದ ಕೋಶಗಳಲ್ಲಿ ಪೊಟ್ಯಾಸಿಯಂ ಚಾನೆಲ್ ಇನ್ನೂ ತೆರೆದೇ ಇವೆ. ಎದ್ದ ಕೋಶದ ಕರೆಂಟು ಅವುಗಳ ಕಡೆಗೆ ಹರಿದು ಹೋಗುತ್ತದೆ. ಅದರ ವೋಲ್ಟೇಜ್ ಏರುವುದೇ ಇಲ್ಲ. ಇನ್ಸುಲಿನ್ ಬಿಡುವ ಹಂತಕ್ಕೆ ಅದು ಬರುವುದಿಲ್ಲ. ಗ್ಲೂಕೋಸ್ ಏರಿ ಹೆಚ್ಚಿನ ಕೋಶಗಳು ತಯಾರಾದಾಗ ಲೆಕ್ಕ ತಿರುಗುತ್ತದೆ, ಹಿಂದೆ ಬಿದ್ದವನ್ನು ಮುಂದಿನವು ಎಳೆದುಕೊಳ್ಳುತ್ತವೆ. ಹೀಗಾಗಿ ಇಡೀ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಶುರುವಾಗುತ್ತದೆ, ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಕನೆಕ್ಸಿನ್-36 ಇಲ್ಲದ ಇಲಿಗಳಲ್ಲಿ ಎರಡೂ ಕೆಡುತ್ತವೆ: ಗ್ಲೂಕೋಸ್ ಏರಿದಾಗ ಕೋಶಗಳು ತಮ್ಮ ಪಾಡಿಗೆ ತಾವು ಮಿಡಿಯುತ್ತವೆ, ಇಳಿದಾಗ ಕೆಲವು ಸುಮ್ಮನಾಗುವುದಿಲ್ಲ. ಸಕ್ಕರೆ ಕುಸಿದರೆ ಜೀವಕ್ಕೇ ಅಪಾಯ. ಆದ್ದರಿಂದ ಈ ಸುಮ್ಮನಿರಿಸುವ ಕೆಲಸ ಎಬ್ಬಿಸುವ ಕೆಲಸದಷ್ಟೇ ದೊಡ್ಡದು. ಇದಕ್ಕೆ ಅರ್ಧ ಪುಟ ಕೊಡಿ, ನಾನು ಜಾಗ ಮಾಡಿಕೊಡುತ್ತೇನೆ.

ಕೋಶಗಳಿಗೆ ಮನಸ್ಸಿಲ್ಲ, ಸಹಕಾರದ ಉದ್ದೇಶವಿಲ್ಲ, ಅಲ್ಲಿರುವುದು ಕರೆಂಟಿನ ಹರಿವು ಮಾತ್ರ ಎಂದು ವಠಾರದ ಮಾತಿನ ಹಿಂದೆಯೇ ಒಂದು ಸಾಲು ಸೇರಿಸಿ.

ಮುಂದೆ ನಿಮ್ಮ ‘ನಾಯಕ ಕೋಶ’. “ಪ್ರತಿ ಗುಂಪಿನಲ್ಲೂ ಒಂದು ರಾಜ ಕೋಶವಿದ್ದು, ಅದರ ಆಜ್ಞೆಯಂತೆ ಉಳಿದವು ನಡೆಯುತ್ತವೆ ಎಂದು ವಿಜ್ಞಾನಿಗಳು ಸಾಬೀತುಪಡಿಸಿದ್ದಾರೆ” ಎಂದು ಬರೆದಿದ್ದೀರಿ. ಈ ವಾಕ್ಯ ಖಂಡಿತ ಹೋಗಬೇಕು. ಅಂಥ ಸಾಬೀತು ಆಗಿಲ್ಲ. ಜೀವಕೋಶಗಳಿಗೆ ರಾಜ, ಮಂತ್ರಿ, ಕಾವಲುಗಾರ ಎಂದು ಪಟ್ಟ ಕಟ್ಟುವುದು ನಮ್ಮ ವಿಜ್ಞಾನ ಬರಹದ ಹಳೇ ರೂಢಿ. ಓದಲು ಚೆನ್ನಾಗಿರುತ್ತದೆ. ಆದರೆ ಅಲ್ಲಿಗೆ ವಿಚಾರ ನಿಂತುಹೋಗುತ್ತದೆ. ರಾಜ ಹೇಳಿದ, ಪ್ರಜೆ ಕೇಳಿದರು ಎಂದಮೇಲೆ ಇನ್ನೇನು ಕೇಳುವುದು?

ನಿಜವಾಗಿ ಆದದ್ದು ಹೀಗೆ. ಬ್ರಿಟನ್ನಿನ ಒಂದು ತಂಡ 2016ರಲ್ಲಿ ಇಲಿಯ ಬೀಟಾ ಕೋಶಗಳನ್ನು ಬೆಳಕಿನಿಂದ ಸುಮ್ಮನಾಗಿಸುವ ವಿಧಾನ ಬಳಸಿತು. ಹೆಚ್ಚು ಸಂಪರ್ಕ ಇದ್ದಂತೆ ಕಂಡ ಕೆಲವೇ ಕೋಶಗಳನ್ನು ಸುಮ್ಮನಾಗಿಸಿದಾಗ ಉಳಿದವುಗಳ ಲಯವೂ ತಪ್ಪಿತು. ಅವನ್ನು ‘ಹಬ್’ ಕೋಶ ಎಂದು ಕರೆದರು. ಆಮೇಲೆ ತಕರಾರು ಎದ್ದಿತು. ಒಂದು ಕೋಶ ನೇರವಾಗಿ ತಾಗುವುದು ಅಕ್ಕಪಕ್ಕದ ಕೆಲವನ್ನು ಮಾತ್ರ. ಅಷ್ಟರಿಂದ ಸಾವಿರಾರು ಕೋಶಗಳ ಗುಂಪನ್ನು ಹೇಗೆ ಆಳೀತು? ಗುಂಪು ಉಂಡೆಯಾಗಿದೆ, ಮೈಕ್ರೋಸ್ಕೋಪಿನಲ್ಲಿ ಕಾಣುವುದು ಅದರ ಒಂದು ಪದರ. ಉಳಿದ ಪದರದಲ್ಲಿ ಏನಿದೆಯೋ? ಹಬ್ ಇದೆ ಎನ್ನುವವರು, ಅನುಮಾನಿಸುವವರು ಇಬ್ಬರೂ ಗಟ್ಟಿ ವಿಜ್ಞಾನಿಗಳೇ. ಇನ್ನೊಂದು ವಿಷಯ. ಗ್ಲೂಕೋಸ್ ಬಂದಾಗ ಎಲ್ಲಕ್ಕಿಂತ ಮೊದಲು ಎಚ್ಚರವಾಗುವ ಕೋಶ, ಆಮೇಲಿನ ಪ್ರತಿ ಅಲೆಯನ್ನು ಶುರು ಮಾಡುವ ಕೋಶ, ಹೆಚ್ಚು ಸಂಪರ್ಕ ಇರುವ ಕೋಶ, ಇವು ಮೂರೂ ಒಂದೇ ಎಂದು ನೀವು ತಿಳಿದಿದ್ದೀರಿ. ಸಂಶೋಧಕರು ಇವನ್ನು ಬೇರೆಬೇರೆಯಾಗಿ ನೋಡುತ್ತಾರೆ. ಈ ವಾದವನ್ನೇ ಬರೆಯಿರಿ. ಕನ್ನಡ ಓದುಗರಿಗೆ ಮುಗಿಯದ ವಾದ ಓದುವ ತಾಳ್ಮೆ ಇಲ್ಲ ಎಂದುಕೊಳ್ಳಬೇಡಿ. ಮುಗಿದ ವಿಷಯಗಳನ್ನೇ ಕೊಟ್ಟು ಕೊಟ್ಟು ವಿಜ್ಞಾನ ಎಂದರೆ ಉತ್ತರಗಳ ಪಟ್ಟಿ ಎಂಬ ಭಾವನೆ ಬಂದುಬಿಟ್ಟಿದೆ. ನನಗೆ ಆ ಚಿಂತೆ ನಿಜಕ್ಕೂ ಇದೆ.

“ಎಲ್ಲಾ ಕೋಶಗಳು ಏಕಕಾಲಕ್ಕೆ” ಎಂದಿದ್ದೀರಲ್ಲ, ಅದೂ ಅಷ್ಟು ಸರಿಯಲ್ಲ. ಕ್ಯಾಲ್ಸಿಯಂ ಸಿಕ್ಕಾಗ ಹೊಳೆಯುವ ಬಣ್ಣವನ್ನು ಕೋಶಗಳಿಗೆ ಹಾಕಿ ನೋಡಿದರೆ, ಗುಂಪಿನ ಒಂದು ಅಂಚಿನಲ್ಲಿ ಹೊಳಪು ಕಾಣುತ್ತದೆ, ಅಲ್ಲಿಂದ ಆಚೆ ಬದಿಗೆ ಹರಡುತ್ತದೆ. ಕೆಲವೇ ಕ್ಷಣಗಳಲ್ಲಿ ಇಡೀ ಗುಂಪು ಬೆಳಗಿರುತ್ತದೆ. ಆರುತ್ತದೆ. ಮತ್ತೆ ಬರುತ್ತದೆ. ಇದನ್ನು ನೀವು ಕಣ್ಣಾರೆ ನೋಡಿ ಬರೆಯಬೇಕು ಎಂದು ನನ್ನ ಆಸೆ. ನೀವಿರುವುದು ಬೆಂಗಳೂರಲ್ಲಿ. ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಂಥ ಕಡೆ ನರಕೋಶಗಳ ಮೇಲೆ ಇಂಥದೇ ಕ್ಯಾಲ್ಸಿಯಂ ಇಮೇಜಿಂಗ್ ಮಾಡುತ್ತಾರೆ. ಐಐಎಸ್‌ಸಿಯ ಓಪನ್ ಡೇ ದಿನ ಸಂಶೋಧನೆ ಮಾಡುವ ಹುಡುಗ ಹುಡುಗಿಯರು ನಿಂತು ವಿವರಿಸುತ್ತಾರೆ. ಬೀಟಾ ಕೋಶ ಸಿಗದಿದ್ದರೂ ಪರವಾಗಿಲ್ಲ, ಆ ಹೊಳಪು ಹೇಗೆ ಬಂದು ಹೋಗುತ್ತದೆ ಎನ್ನುವುದು ಕಣ್ಣಲ್ಲಿ ಕೂತರೆ ನಿಮ್ಮ ವಾಕ್ಯ ತಾನೇ ಬದಲಾಗುತ್ತದೆ.

ಒಂದು ಗುಂಪಿನ ಕಥೆ ಇಷ್ಟಾಯಿತು. ನೀವು ಮುಟ್ಟದೇ ಬಿಟ್ಟದ್ದು ಗುಂಪು ಗುಂಪುಗಳ ನಡುವಿನ ಮಾತು. ಆ ಲಕ್ಷಾಂತರ ಗುಂಪುಗಳು ಒಂದನ್ನೊಂದು ತಾಗುವುದಿಲ್ಲ. ಅವುಗಳ ನಡುವೆ ಗ್ಯಾಪ್ ಜಂಕ್ಷನ್ ಇಲ್ಲ. ಆದರೂ ರಕ್ತದಲ್ಲಿ ಇನ್ಸುಲಿನ್ ಅಲೆಅಲೆಯಾಗಿ ಬರುತ್ತದೆ. ಉಪವಾಸ ಇರುವ ಮನುಷ್ಯರಲ್ಲೂ ಇನ್ಸುಲಿನ್ ಏರಿಳಿಯುತ್ತದೆ ಎಂದು 1979ರಲ್ಲೇ ಅಳೆದು ತೋರಿಸಿದ್ದರು. ಆಮೇಲಿನ ಸೂಕ್ಷ್ಮ ಅಳತೆಗಳಲ್ಲಿ ಸುಮಾರು 5 ನಿಮಿಷಕ್ಕೊಂದು ಅಲೆ ಸಿಕ್ಕಿತು. ಎಲ್ಲ ಗುಂಪುಗಳೂ ಜೊತೆಗೂಡದಿದ್ದರೆ ಈ ಅಲೆ ಕಾಣುವುದೇ ಇಲ್ಲ, ಒಂದರ ಏರು ಇನ್ನೊಂದರ ಇಳಿತದಲ್ಲಿ ಮುಚ್ಚಿಹೋಗುತ್ತಿತ್ತು. 1980ರಲ್ಲಿ ನಾಯಿಯ ಮೇದೋಜೀರಕವನ್ನು ದೇಹದಿಂದ ಬೇರೆ ಮಾಡಿ, ಒಂದೇ ಮಟ್ಟದ ಗ್ಲೂಕೋಸ್ ಹರಿಸಿದರು. ಆಗಲೂ ಅಲೆ ನಿಲ್ಲಲಿಲ್ಲ. ಮಿದುಳಿನ ಸಂಪರ್ಕ ಇಲ್ಲ, ಲಿವರ್ ಇಲ್ಲ, ಆದರೂ ಲಯ ಇದೆ. ಹಾಗಾದರೆ ಹೊಂದಿಸುವವರು ಗ್ರಂಥಿಯ ಒಳಗೇ ಇರಬೇಕು. ಅಲ್ಲಿ ಸಣ್ಣ ಸಣ್ಣ ನರದ ಗಂಟುಗಳಿವೆ, ಅವುಗಳ ಮೇಲೆ ಗುಮಾನಿ. ಬದುಕಿರುವ ದೇಹದಲ್ಲಿ ಇನ್ನೊಂದು ದಾರಿಯೂ ಸೇರಿಕೊಳ್ಳುತ್ತದೆ: ಇನ್ಸುಲಿನ್ ಲಿವರಿಗೆ ಹೋಗಿ ಗ್ಲೂಕೋಸನ್ನು ಸ್ವಲ್ಪ ಇಳಿಸುತ್ತದೆ, ಆ ಇಳಿತ ಎಲ್ಲ ಗುಂಪುಗಳಿಗೂ ಒಟ್ಟಿಗೆ ತಿಳಿಯುತ್ತದೆ.

ಅಲೆ ಯಾಕೆ ಮುಖ್ಯ ಎಂದು ಹೇಳಿದರೆ ಲೇಖನಕ್ಕೆ ತೂಕ ಬರುತ್ತದೆ. ಮೇದೋಜೀರಕದ ರಕ್ತ ಮೊದಲು ಹೋಗುವುದು ಲಿವರಿಗೆ. ಅಲ್ಲಿ ಇನ್ಸುಲಿನ್‌ನ ಸುಮಾರು ಅರ್ಧ ಪಾಲು ಬಳಕೆಯಾಗಿಬಿಡುತ್ತದೆ. ಒಂದೇ ಸಮ ಸುರಿಯುವ ಇನ್ಸುಲಿನ್‌ಗಿಂತ ಅಲೆಅಲೆಯಾಗಿ ಬರುವ ಇನ್ಸುಲಿನ್‌ಗೆ ಲಿವರ್ ಚೆನ್ನಾಗಿ ಸ್ಪಂದಿಸುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಈ ಅಲೆ ಕೆಡುತ್ತದೆ. ಇನ್ನೂ ಕಾಯಿಲೆ ಬಾರದ, ಆದರೆ ಹತ್ತಿರದ ರಕ್ತಸಂಬಂಧಿಗಳಿಗೆ ಕಾಯಿಲೆ ಇರುವವರಲ್ಲೂ ಲಯ ತಪ್ಪಿರುತ್ತದೆ ಎಂದು 1988ರ ಒಂದು ಅಧ್ಯಯನ ಹೇಳಿತು. ಅಪ್ಪನಿಗೆ ಶುಗರ್ ಇರುವ ಒಬ್ಬ ಓದುಗ ಈ ಸಾಲನ್ನು ಎರಡು ಸಲ ಓದುತ್ತಾನೆ. ಬರೆಯುವಾಗ ಎಚ್ಚರ ಇರಲಿ. ಅದು ಭಯ ಹುಟ್ಟಿಸಲು ಬರೆದ ಸಾಲು ಆಗಬಾರದು.

ಇನ್ನೆರಡು ತಪ್ಪುಗಳು. “ನಡುವೆ ಬೀಟಾ ಕೋಶ, ಸುತ್ತ ಆಲ್ಫಾ ಕೋಶ” ಎಂದು ಚಿತ್ರ ಬರೆದಿದ್ದೀರಿ. ಆಲ್ಫಾ ಎಂದರೆ ಸಕ್ಕರೆ ಏರಿಸುವ ಹಾರ್ಮೋನ್ ಮಾಡುವ ಕೋಶ. ಆ ಚಿತ್ರ ಇಲಿಯದು. ಮನುಷ್ಯರಲ್ಲಿ ಅವು ಬೆರೆತುಕೊಂಡಿರುತ್ತವೆ, ಆಲ್ಫಾ ಕೋಶಗಳ ಪಾಲೂ ಜಾಸ್ತಿ. ಇಲಿಯಲ್ಲಿ ಕಂಡದ್ದೆಲ್ಲ ನಮ್ಮಲ್ಲೂ ಹಾಗೇ ಇರಬೇಕಾಗಿಲ್ಲ ಎಂದು ಹೇಳಲು ಇದೇ ಸರಿಯಾದ ಜಾಗ. ಎರಡನೆಯದು, “ಇನ್ಸುಲಿನ್ ಇಲ್ಲದೆ ದೇಹದ ಯಾವ ಕೋಶವೂ ಗ್ಲೂಕೋಸ್ ಪಡೆಯಲಾರದು” ಎಂಬ ಮಾತು. ಮಿದುಳಿನ ಕೋಶಗಳು, ಕೆಂಪು ರಕ್ತಕಣಗಳು ಇನ್ಸುಲಿನ್‌ಗೆ ಕಾಯುವುದಿಲ್ಲ. ಸ್ನಾಯು ಮತ್ತು ಕೊಬ್ಬಿನ ಕೋಶಗಳಿಗೆ ಅದು ಬೇಕು. ಜೊತೆಗೆ, ಗ್ಲೂಕೋಸನ್ನು ಮಿಲಿಮೋಲ್ ಲೆಕ್ಕದಲ್ಲಿ ಕೊಟ್ಟಿದ್ದೀರಿ. ನಮ್ಮ ಲ್ಯಾಬ್ ರಿಪೋರ್ಟಿನಲ್ಲಿ ಬರುವುದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು. 18ರಿಂದ ಗುಣಿಸಿ ಕೊಡಿ. ಇಲಿಯ ಬೀಟಾ ಕೋಶಗಳ ಗುಂಪು ಎಚ್ಚರವಾಗುವುದು 7 ಮಿಲಿಮೋಲ್ ಹತ್ತಿರ ಎಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. 126 ಎನ್ನಿ, ಫಾಸ್ಟಿಂಗ್ ರಿಪೋರ್ಟ್ ನೋಡಿದ ಯಾರೇ ಆದರೂ ಕಣ್ಣರಳಿಸುತ್ತಾರೆ. ಮನುಷ್ಯರಲ್ಲಿ ಆ ಮಟ್ಟ ಇನ್ನೂ ಕೆಳಗಿದೆ ಎಂದೂ ತಪ್ಪದೆ ಸೇರಿಸಿ.

ಐದನೇ ಪುಟದ ಮೆಂತ್ಯ, ಹಾಗಲಕಾಯಿ ತೆಗೆಯಿರಿ. ನಮ್ಮ ಪತ್ರಿಕೆ ಓದಿ ಒಬ್ಬರು ಮಾತ್ರೆ ಬಿಟ್ಟರೂ ಅದರ ಹೊಣೆ ನಮ್ಮದು.

ಹೊಸ ಪ್ರತಿ 1,500 ಪದದ ಒಳಗೆ ಇರಲಿ. ಎರಡು ಚಿತ್ರ ಸಾಕು: ಎರಡು ಕೋಶಗಳ ನಡುವಿನ ಆ ದಾರಿ ಒಂದು, ಗುಂಪಿನ ಮೇಲೆ ಹರಡುವ ಅಲೆ ಇನ್ನೊಂದು. ಕೈಯಲ್ಲಿ ಬರೆದರೂ ನಮ್ಮ ಕಲಾವಿದರು ತಿದ್ದಿಕೊಳ್ಳುತ್ತಾರೆ. ಕಳಿಸುವ ಮುಂಚೆ ಸಕ್ಕರೆ ಕಾಯಿಲೆ ನೋಡುವ ಒಬ್ಬ ಡಾಕ್ಟರಿಗೆ, ವಿಜ್ಞಾನ ಓದದ ಮನೆಯ ಒಬ್ಬರಿಗೆ ಓದಿಸಿ. ಮನೆಯವರು ಎಲ್ಲಿ ನಿಂತರು ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ, ಆ ಜಾಗಗಳನ್ನು ಇನ್ನೊಮ್ಮೆ ಬರೆಯಿರಿ. ಹಳೇ ನುಡಿ ಫಾಂಟಿನಲ್ಲಿ ಕಳಿಸಿದರೆ ನಮ್ಮಲ್ಲಿ ಒತ್ತಕ್ಷರ ಚದುರಿಹೋಗುತ್ತವೆ, ಯುನಿಕೋಡಿನಲ್ಲೇ ಕಳಿಸಿ. ಬಂದ ಕೂಡಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ